ಕೆಂದನ ಸೋಮವಾರ

ಕೆ.ಬಿ. ಬಡಾವಣೆಯ ಆ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ಮೊದಲ ವಾರದಲ್ಲೇ ಒಂದು ಸಂಗತಿ ನನ್ನ ತಲೆ ಕೊರೆಯತೊಡಗಿತು. ನನ್ನ ಅಡುಗೆಮನೆಯ ಕಿಟಕಿಯ ಕೆಳಗೇ ಒಂದು ತಗಡಿನ ಶೆಡ್ಡು, ಅದರೊಳಗೆ ತಾಡಪಾಲು ಹೊದ್ದು ಮಲಗಿದ ಒಂದು ಕಾರು. ದಿನವೂ ಹಾಲಿನವನು ಬರುವ ಹೊತ್ತಿಗೆ ಮನೆಯ ಯಜಮಾನರು ಬಂದು ತಾಡಪಾಲು ಸರಿಸುವರು, ಕಾರು ಶುರು ಮಾಡುವರು, ಅದರ ಮೂತಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವರು, ಆಮೇಲೆ ಆರಿಸಿ ಒಳಗೆ ಹೋಗುವರು. ಸೋಮವಾರ ಮಾತ್ರ ಶುರು ಮಾಡುತ್ತಿರಲಿಲ್ಲ. ಉಳಿದ ದಿನವೆಲ್ಲ ನನ್ನ ಪಾತ್ರೆಗಳನ್ನು ನಡುಗಿಸುವ ಕಾರು ಸೋಮವಾರ ಯಾಕೆ ಬಾಯಿ ಮುಚ್ಚಿಕೊಂಡಿರುತ್ತದೆ?

ನಾನು ಹಾಸನದ ಕಡೆಯವಳು, ಇಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವವಳು. ಗಂಡ ಸೈನ್ಯದಲ್ಲಿದ್ದು ವರ್ಷಕ್ಕೊಮ್ಮೆ ಬರುವವರು. ಹಾಗಾಗಿ ಬೇರೆಯವರ ಮನೆಯ ಸಂಗತಿಗಳನ್ನು ಯೋಚಿಸಲು ನನಗೆ ಬೇಕಾದಷ್ಟು ಪುರಸೊತ್ತು. ಇದಕ್ಕೆ ಜನ ಬೇರೆ ಹೆಸರು ಇಡುತ್ತಾರೆ. ನಾನು ಕುತೂಹಲ ಅನ್ನುತ್ತೇನೆ.

ಯಜಮಾನರ ಹೆಸರು ವಾಮದೇವಪ್ಪ. ಮಂಡಿಪೇಟೆಯಲ್ಲಿ ಪಂಪ್‌ಸೆಟ್ಟಿನ ಬಿಡಿಸಾಮಾನಿನ ಅಂಗಡಿ ಅವರದು. ಕುಳ್ಳಗಿನ ಆಸಾಮಿ, ಹಣೆಯ ತುಂಬ ವಿಭೂತಿ, ಉಗುರ ಸಂದಿಯ ತುಂಬ ಗ್ರೀಸು. ಎದುರಿಗೆ ಲೋಹದ ಯಾವ ವಸ್ತು ಕಂಡರೂ ಬೆರಳಿನಿಂದ ತಟ್ಟಿ ಸದ್ದು ಕೇಳುವ ಚಟ ಅವರಿಗೆ. ನಾನು ಸಾಮಾನು ಇಳಿಸಿದ ದಿನ ನನ್ನ ಕುಕ್ಕರನ್ನು ತಟ್ಟಿ ನೋಡಿ, ಇದು ಇನ್ನೂ ಹತ್ತು ವರ್ಷ ಬರುತ್ತದೆ ಎಂದು ತಾವಾಗಿಯೇ ಸರ್ಟಿಫಿಕೇಟು ಕೊಟ್ಟಿದ್ದರು. ಮನೆಯಲ್ಲಿ ಅವರೂ ಅವರ ಹೆಂಡತಿ ನಿರ್ಮಲಮ್ಮನವರೂ ಇಬ್ಬರೇ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ಕಾರಿನ ವಿಷಯವನ್ನು ನಾನು ನಿರ್ಮಲಮ್ಮನವರನ್ನೇ ಕೇಳಿದೆ. ಅವರು ಜೋಳದ ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಕೆಂದಗೆ ಸೋಮಾರ ರಜ ಐತ್ರಿ ಟೀಚರ್ರೆ" ಅಂದರು. ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ.

ಕಥೆ ನನಗೆ ತಿಳಿದದ್ದು ತುಂಡುತುಂಡಾಗಿ. ವಾಮದೇವಪ್ಪನವರ ತಂದೆ ಬಕ್ಕೇಶಪ್ಪನವರು ಮಾಯಕೊಂಡದಲ್ಲಿ ಹೊಲಮನೆ ಇದ್ದವರು, ಹತ್ತಿ ಬೆಳೆದು ದಾವಣಗೆರೆಯ ಮಿಲ್ಲಿಗೆ ಹಾಕುತ್ತಿದ್ದವರು. ಆ ಮಿಲ್ಲಿನ ಮಾಲೀಕರ ಮಗನೊಬ್ಬ ಷೋಕಿಲಾಲ. ಮುಂಬಯಿಯಲ್ಲಿ ಯಾವುದೋ ವಿದೇಶಿ ಕಚೇರಿಯವರು ಬಿಟ್ಟುಹೋದ ಕಾರನ್ನು ಹರಾಜಿನಲ್ಲಿ ಹಿಡಿದು ತಂದಿದ್ದ. ಜಪಾನಿನ ಡಾಟ್ಸನ್, ಓಟದ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮಿಕ್ಕಿದ್ದೆಲ್ಲ ಮೂತಿ. ಮಿಲ್ಲು ಬಾಗಿಲು ಹಾಕಿದಾಗ ಹತ್ತಿಯ ಬಾಕಿ ತೀರಿಸುವುದಕ್ಕೆ ಅವರ ಹತ್ತಿರ ಉಳಿದದ್ದು ಅದೊಂದೇ. ಹತ್ತಿಯ ಬಾಬತ್ತು ಕೇಳಲು ಎತ್ತಿನ ಗಾಡಿಯಲ್ಲಿ ಹೋದ ಬಕ್ಕೇಶಪ್ಪನವರು ಕಾರು ತಂದರು. ಊರವರು ಸುತ್ತ ನೆರೆದು, ಇದರೊಳಗೆ ಎಷ್ಟು ಚೀಲ ಹಿಡೀತೈತೆ ಎಂದು ಕೇಳಿದರಂತೆ.

ಬಕ್ಕೇಶಪ್ಪನವರಿಗೆ ಎತ್ತು ಗೊತ್ತಿತ್ತು, ಕಾರು ಗೊತ್ತಿರಲಿಲ್ಲ. ಹಾಗಾಗಿ ಅವರು ಕಾರನ್ನು ಎತ್ತಿನ ಲೆಕ್ಕಕ್ಕೆ ಸೇರಿಸಿಕೊಂಡರು. ಬಣ್ಣ ಕೆಂಪಾದ್ದರಿಂದ ಕೆಂದ ಎಂದು ಹೆಸರಿಟ್ಟರು. ಓಡಿಸುವುದನ್ನು ಕಲಿತದ್ದೂ ಹೊಲದ ದಾರಿಯಲ್ಲೇ, ಹಾರ್ನಿನ ಬದಲು ಬಾಯಲ್ಲೇ ಹೋ ಹೋ ಅನ್ನುತ್ತಿದ್ದರಂತೆ. ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹಿಂಡಿ ಹಾಕಿ, ಮೈ ತೊಳೆದು, ನೆರಳಲ್ಲಿ ಕಟ್ಟುತ್ತಾರೆ. ಕೆಂದನಿಗೂ ಅದೇ ನೇಮ ಆಯಿತು. ಬಕ್ಕೇಶಪ್ಪನವರು ತೀರಿಹೋದ ಮೇಲೆ ಕಾರಿನ ಜೊತೆ ನೇಮವೂ ಮಗನ ಪಾಲಿಗೆ ಬಂತು.

ನಾನು ಒಂದು ದಿನ ತಡೆಯಲಾರದೆ ವಾಮದೇವಪ್ಪನವರನ್ನೇ ಚುಚ್ಚಿದೆ. ಎತ್ತಿಗೆ ಜೀವ ಇದೆ, ದಣಿಯುತ್ತದೆ, ಇದಕ್ಕೇನಿದೆ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ದಣಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಗೊತ್ತಿಲ್ಲದಿದ್ದ ಮೇಲೆ ರಜೆ ಕೊಟ್ಟರೆ ನಷ್ಟವೇನು ಅಂದರು. 

ರಜೆ ಅಂದರೆ ಓಡುವುದಕ್ಕೆ ಮಾತ್ರ ರಜೆ. ಎತ್ತಿನ ಮೈ ತೊಳೆಯುವ ಹಾಗೆ ರಿಪೇರಿಗೆ ಅದೇ ಪ್ರಶಸ್ತ ದಿನ. ಪ್ರತಿ ಸೋಮವಾರ ಬೆಳಿಗ್ಗೆಯೇ ಮೆಕ್ಯಾನಿಕ್ ಶಬ್ಬೀರ್ ತನ್ನ ಟಿವಿಎಸ್ ಗಾಡಿಯಲ್ಲಿ ಬರುವನು. ಇಬ್ಬರೂ ಶೆಡ್ಡಿನ ಮುಂದೆ ಗೋಣಿತಾಟು ಹಾಸಿ ಕೂತರೆಂದರೆ ಅಂಗಡಿ ಹುಡುಗರ ಪಾಲು, ಊಟ ಹೆಂಡತಿಯ ಪಾಲು. ನಿರ್ಮಲಮ್ಮನವರಿಗೆ ಸೋಮವಾರ ಮೊದಲೇ ಕೆಲಸ ಜಾಸ್ತಿ. ಅವತ್ತು ಮಠದ ಅಯ್ಯನೋರು ಪ್ರಸಾದಕ್ಕೆ ಬರುವ ದಿನ. ಕೋಳಿ ಕೂಗುವ ಮುಂಚೆ ಮನೆ ಸಾರಿಸಿ, ಮಡಿಯಲ್ಲಿ ಹೋಳಿಗೆಯೋ ಹುಗ್ಗಿಯೋ ಮಾಡಿ, ಅಂಗಡಿಯವರ ಬುತ್ತಿ ಕಟ್ಟಿ, ಶಬ್ಬೀರನಿಗೆ ಚಹಾದ ಮೇಲೆ ಚಹಾ ಕೊಡಬೇಕು. ಮಹಡಿಯ ಮೇಲಿಂದ ನಾನು ಅವರನ್ನು ಆ ದಿನ ಕೂತದ್ದು ನೋಡಿದ್ದೇ ಇಲ್ಲ.

ಆ ಕಾರಿಗೆ ಬಿಡಿಭಾಗ ಅಂತ ಈ ದೇಶದಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಕೈ ಚೆಲ್ಲುತ್ತಿದ್ದರು. ವಾಮದೇವಪ್ಪನವರಿಗೆ ಏನಾದರೂ ಮುರಿದರೆ ಒಳಗೊಳಗೇ ಖುಷಿ. ಮುರಿದ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡು ಊರೂರು ಸುತ್ತುವರು, ಹೆಣ್ಣಿಗೆ ಗಂಡು ಹುಡುಕುವವರ ಹಾಗೆ. ಫ್ಯಾನಿನ ಬೆಲ್ಟು ಹಿಟ್ಟಿನ ಗಿರಣಿಯದು. ವೈಪರು ಲಾರಿಯದು, ತುದಿ ಕತ್ತರಿಸಿದ್ದು. ಹಿಂದಿನ ಕೆಂಪು ದೀಪದ ಒಂದು ಗಾಜು ಬಸ್ಸಿನದು. ರೇಡಿಯೇಟರಿಗೆ ನೀರು ತಳ್ಳುವ ಪಂಪು ಸೋರಿದಾಗ ಅವರ ಆನಂದಕ್ಕೆ ಪಾರವೇ ಇರಲಿಲ್ಲ. ಪಂಪು ಅಂದರೆ ಪಂಪೇ, ಬಾವಿಯದಾದರೇನು ಕಾರಿನದಾದರೇನು ಎಂದು ತಮ್ಮ ಅಂಗಡಿಯ ಸೀಲನ್ನೇ ಹಾಕಿದರು. ಹನಿ ನೀರು ಸೋರದೆ ನಿಂತಿತು. ಎಲ್ಲೂ ಸಿಗದ್ದನ್ನು ಹರಿಹರಕ್ಕೆ ಒಯ್ಯುತ್ತಿದ್ದರು. ದೊಡ್ಡ ದೊಡ್ಡ ಕಾರ್ಖಾನೆಗಳಿಂದಾಗಿ ಅಲ್ಲಿ ಗಲ್ಲಿಗೊಂದು ಲೇತು. ಏಕಾಂತಪ್ಪ ಎಂಬ ಟರ್ನರು ಜಪಾನಿನ ಹಳೆಯ ಬುಷ್ಷನ್ನು ನೋಡಿ ಹರಿಹರದ ಹೊಸ ಬುಷ್ಷು ಹೊಡೆದುಕೊಡುತ್ತಿದ್ದ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ನಾನು ಗೇಲಿ ಮಾಡಿದರೆ, ಮೆಳ್ಳೆಗಣ್ಣಾದರೂ ದಾರಿ ಕಾಣುತ್ತದಲ್ಲ ಎಂದು ವಾಮದೇವಪ್ಪನವರು ನಗುತ್ತಿದ್ದರು.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಬೇಸಿಗೆಯಲ್ಲಿ, ಕೆಂದನಿಗೆ ಸಂಕಟ ಬಂತು. ಹಳೆಯ ಗಾಡಿಗಳ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹಿಂದಿನ ಸಲ ಬಕ್ಕೇಶಪ್ಪನವರೇ ಚಿತ್ರದುರ್ಗಕ್ಕೆ ಹೋಗಿ ಮಾಡಿಸಿಕೊಂಡು ಬಂದಿದ್ದರು. ಈಗ ದಾವಣಗೆರೆಗೇ ಆರ್‌ಟಿಓ ಕಚೇರಿ ಬಂದಿತ್ತು. ಇನ್‌ಸ್ಪೆಕ್ಟರು ಕಾರನ್ನು ಕಣ್ಣಾರೆ ನೋಡಿ, ಓಡಿಸಿ, ಬ್ರೇಕು ಹಿಡಿದು ಪಾಸು ಮಾಡಬೇಕು. ಅವಧಿ ಒಮ್ಮೆ ತಪ್ಪಿತೋ, ಮುಂಬಯಿಯ ಮೂಲ ಕಾಗದಗಳನ್ನು ಹೊಸದಾಗಿ ತಂದು ತೋರಿಸಬೇಕೆಂದು ಕಚೇರಿಯವರು ಮೊದಲೇ ಹೇಳಿದ್ದರು. ಮಾರಿದವರು ಇಲ್ಲ, ಮಿಲ್ಲು ಇಲ್ಲ, ಕಾಗದ ಎಲ್ಲಿಂದ ತರುವುದು? ಪಾಸಾಗದಿದ್ದರೆ ಕೆಂದ ಮತ್ತೆ ಗೇಟು ದಾಟುವ ಹಾಗಿರಲಿಲ್ಲ.

"ರೋಡಿಗೆ ಬರ್ಲಾರದ ಗಾಡಿ ಅಂದ್ರ ಗುಜರಿ ಟೀಚರ್ರೆ" ಅಂದರು ವಾಮದೇವಪ್ಪನವರು. "ಅಪ್ಪ ಸಾಕಿದ ಎತ್ತನ್ನ ನನ್ನ ಕೈಯಾಗ ಗುಜರಿ ಮಾಡಿದಂಗಾತದ."



ಎಲ್ಲ ಸರಿಯಿತ್ತು, ಬ್ರೇಕು ಒಂದು ಬಿಟ್ಟು. ಪೆಡಲು ಒತ್ತಿದರೆ ನೆಲ ಮುಟ್ಟುತ್ತಿತ್ತು. ಪೆಡಲಿನ ಹಿಂದೆ ಬ್ರೇಕ್ ಎಣ್ಣೆಯನ್ನು ಗಾಲಿಗಳಿಗೆ ತಳ್ಳುವ ಒಂದು ಕೊಳವೆ ಇದೆ, ಅದರೊಳಗಿನ ರಬ್ಬರ್ ಬಟ್ಟಲು ಸವೆದಿದೆ, ನಾಲ್ಕಾಣೆ ಅಗಲದ್ದು, ಅಷ್ಟೇ, ಎಂದು ಶಬ್ಬೀರ್ ತೋರಿಸಿದ. ಅದನ್ನು ಹುಡುಕಲು ತಾನು ಹುಬ್ಬಳ್ಳಿಗೆ ಹೋಗಿ ಬರುತ್ತೇನೆ, ನಾಲ್ಕು ದಿನ ತಡೆಯಿರಿ ಅಂದ. ವಾಮದೇವಪ್ಪನವರು ತಡೆಯಲಿಲ್ಲ. ಅವರ ಅಂಗಡಿಯಲ್ಲಿ ರಬ್ಬರಿಗೆ ಬರವೇ? ಅಳತೆಗೆ ಸರಿಯಾದ ಪಂಪಿನ ರಬ್ಬರನ್ನು ಆರಿಸಿ, ಶಬ್ಬೀರ್ ಹುಬ್ಬಳ್ಳಿಯಲ್ಲಿದ್ದಾಗಲೇ ತಾವೇ ಹಾಕಿಬಿಟ್ಟರು. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಯಿತು. ಹರಿಹರದವರೆಗೆ ಹೋಗಿ ಪರೀಕ್ಷೆ ಮಾಡೋಣ ಅಂದರು. ನಿರ್ಮಲಮ್ಮನವರಿಗೆ ಒಲೆ ಬಿಟ್ಟು ಬರಲು ಆಗುವುದಿಲ್ಲ ಎಂದಾದಾಗ, ಕುತೂಹಲದ ರೋಗದವಳು ನಾನು ಆ ಇನ್ನೊಂದು ಸೀಟಿನಲ್ಲಿ ಕೂತೆ.

ಕೂತೆ ಅನ್ನುವುದಕ್ಕಿಂತ ಮಲಗಿದೆ ಅನ್ನಬೇಕು. ನೆಲಕ್ಕೆ ಅಷ್ಟು ಹತ್ತಿರ. ಪಕ್ಕದಲ್ಲಿ ಹೋಗುವ ಲಾರಿಯ ನಟ್ಟುಗಳು ನನ್ನ ಕಣ್ಣಿನ ಮಟ್ಟಕ್ಕಿದ್ದವು. ಆದರೆ ಊರು ದಾಟಿ ಪಿ.ಬಿ. ರಸ್ತೆಗೆ ಬಿದ್ದಾಗ ಅದು ಎದೆಯಾಳದಿಂದ ಗುಡುಗಿ ಮುಂದಕ್ಕೆ ಚಿಮ್ಮಿತಲ್ಲ, ನನ್ನ ಗೇಲಿಯೆಲ್ಲ ಕಿಟಕಿಯಿಂದ ಹೊರಗೆ ಹಾರಿಹೋಯಿತು. ನನಗೆ ಅದು ಇಷ್ಟವಾಯಿತು, ತುಂಬಾ ಇಷ್ಟವಾಯಿತು. ಹರಿಹರದಲ್ಲಿ ಹೊಳೆಯ ಸೇತುವೆ ನೋಡಿ, ಚಹಾ ಕುಡಿದು ಹಿಂದಿರುಗಿದೆವು.

ದೊಡ್ಡಬಾತಿಯ ಹತ್ತಿರ ಕಾರು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಧಾನವಾಯಿತು. ಸುಟ್ಟ ವಾಸನೆ ಬಂತು. ಆಮೇಲೆ ನಿಂತೇಬಿಟ್ಟಿತು. ನಾಲ್ಕು ಗಾಲಿಗಳೂ ಬ್ರೇಕು ಕಚ್ಚಿಕೊಂಡು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಅದೇ ತಾನೇ ಇಳಿದಿದ್ದ ಶಬ್ಬೀರ್, ನಾವು ಫೋನು ಮಾಡಿದ ಮೇಲೆ ಬಂದು, ಗಾಲಿಯ ಹತ್ತಿರದ ನಟ್ಟು ಸಡಿಲಿಸಿ ಎಣ್ಣೆ ಬಿಟ್ಟಾಗಲೇ ಅವು ಬಿಟ್ಟುಕೊಟ್ಟದ್ದು.

"ಇದು ನೀರಿನ ರಬ್ಬರ್ ಸಾವ್ಕಾರ್ರೆ, ಬ್ರೇಕ್ ಎಣ್ಣಿ ಕುಡ್ದು ಉಬ್ಬೈತೆ" ಅಂದ. "ಎಣ್ಣಿ ಹೋಗಾಕ ದಾರಿ ಐತೆ, ವಾಪಸ್ ಬರಾಕ ಇಲ್ಲ. ಇಳಿಜಾರಿನಾಗ ಹಿಡಕಂಡಿದ್ರ ಏನ್ ಮಾಡ್ತಿದ್ರಿ?"

ಪಂಪು ಅಂದರೆ ಪಂಪೇ ಎಂಬ ಮಾತಿಗೆ ಬಿದ್ದ ಪೆಟ್ಟು ಅದು. ಬೇರೆ ಯಾರೇ ಆಗಿದ್ದರೂ ಆ ರಬ್ಬರನ್ನು ಗದ್ದೆಗೆ ಬಿಸಾಡುತ್ತಿದ್ದರು. ಮನೆಗೆ ಬಂದು ಬಿಚ್ಚಿದ ಮೇಲೆ ವಾಮದೇವಪ್ಪನವರು ಅದನ್ನು ಹಳೆಯದರ ಪಕ್ಕದಲ್ಲಿಟ್ಟು, ಎಷ್ಟು ಉಬ್ಬಿದೆ ಎಂದು ಅಳೆದು, ನಮ್ಮಿಬ್ಬರನ್ನೂ ಕರೆದು ತೋರಿಸಿದರು. ತಪ್ಪಿನ ಬಗ್ಗೆಯೂ ಅಷ್ಟು ಆಸಕ್ತಿ ಇಟ್ಟುಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನಿರ್ಮಲಮ್ಮನವರು ಮಾತ್ರ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

ಹುಬ್ಬಳ್ಳಿಯಲ್ಲಿ ಸಿಗದ್ದು ಹರಿಹರದಲ್ಲೇ ಸಿಕ್ಕಿತು. ರೈಲ್ವೆ ಗೂಡ್ಸ್ ಶೆಡ್ಡಿನ ಆಚೆ ಹಜೀರಾಬೀ ಎಂಬ ಹೆಂಗಸಿನ ಗುಜರಿ ಇತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ನಿಸ್ಸಾನ್ ಲಾರಿಗಳನ್ನು ತಂದು ಕತ್ತರಿಸಿ ಫೌಂಡ್ರಿಗಳಿಗೆ ಕಳಿಸುವುದು ಆಕೆಯ ವ್ಯಾಪಾರ. ಡಾಟ್ಸನ್ನಿಗೂ ನಿಸ್ಸಾನಿಗೂ ಕಂಪನಿ ಒಂದೇ, ಅಣ್ಣತಮ್ಮಂದಿರು, ನೋಡಿಬಿಡೋಣ ಎಂದು ಶಬ್ಬೀರ್ ಅಂದ. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ಮೂವರೂ ಕಬ್ಬಿಣದ ಗುಡ್ಡೆಯಲ್ಲಿ ಕೋಳಿ ಕೆದರುವ ಹಾಗೆ ಕೆದರಿದೆವು. ಕೊನೆಗೆ ಹಸಿರು ಬಣ್ಣದ ಒಂದು ಮರದ ಪೆಟ್ಟಿಗೆಯಲ್ಲಿ, ಮೇಣದ ಕಾಗದದಲ್ಲಿ ಸುತ್ತಿ, ಸೀಲು ಒಡೆಯದೆ ಇಟ್ಟ ಪುಟ್ಟ ಪೊಟ್ಟಣಗಳು ಸಿಕ್ಕವು. ಲಾರಿಯ ಬ್ರೇಕಿನ ರಬ್ಬರುಗಳು, ಹೊಚ್ಚ ಹೊಸವು. ವಾಮದೇವಪ್ಪನವರು ಕರವಸ್ತ್ರದಿಂದ ಹಳೆಯ ಬಟ್ಟಲು ತೆಗೆದು ಹೊಸದರ ಮೇಲಿಟ್ಟರು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. 

ಬೆಲೆ ಕೇಳಿದಾಗ ಹಜೀರಾಬೀ ಪೊಟ್ಟಣವನ್ನು ತೆಗೆದುಕೊಂಡು ಕಬ್ಬಿಣ ತೂಗುವ ದೊಡ್ಡ ತಕ್ಕಡಿಯ ಮೇಲಿಟ್ಟಳು. ಮುಳ್ಳು ಅಲ್ಲಾಡಲಿಲ್ಲ.

"ನಂದು ತೂಕದ ಯಾಪಾರ ನೋಡ್ರಿ" ಅಂದಳು. "ತೂಕಾನೇ ಇಲ್ಲ ಅಂದ್ರ ನಾ ಏನಂತ ದುಡ್ಡು ಇಸಗಳ್ಳಿ? ನೀವು ಪಂಪಿನೋರು ಅಂತಾನೆ ಶಬ್ಬೀರ. ಮನ್ಯಾಗ ಮೋಟ್ರು ನೀರು ಎತ್ತವಲ್ದು. ಬಂದು ನೋಡ್ರಿ, ಹಿಸಾಬು ಮುಗೀತದ."

ವಾಮದೇವಪ್ಪನವರು ಸಂಜೆಯವರೆಗೆ ಆಕೆಯ ಹಿತ್ತಲಲ್ಲಿ ಪಂಪು ಬಿಚ್ಚಿ ಕೂತರು. ಅಲ್ಲಿ ಹಾಕಿದ್ದು ನೀರಿನ ರಬ್ಬರನ್ನೇ, ಅಲ್ಲಿ ಅದು ಸರಿಯಾಗಿಯೇ ಕೆಲಸ ಮಾಡಿತು.

ಹೊಸ ಬಟ್ಟಲು ಹಾಕಿದ ಮೇಲೆ ಬ್ರೇಕು ಹೆಂಡತಿಯ ಮಾತು ಕೇಳುವ ಗಂಡನ ಹಾಗೆ ಕೇಳತೊಡಗಿತು. ಶುಕ್ರವಾರ ಕಾರು ತೊಳೆದು ಆರ್‌ಟಿಓ ಕಚೇರಿಗೆ ಒಯ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗಾಡಿಗಳ ಸಾಲು ನೋಡಿ ಇನ್‌ಸ್ಪೆಕ್ಟರು ಇವತ್ತು ಆಗುವುದಿಲ್ಲ ಅಂದ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಬನ್ನಿ, ನಿಮ್ಮ ಅವಧಿಗೂ ಅದೇ ಕೊನೆಯ ದಿನ, ಮೊದಲು ನಿಮ್ಮದನ್ನೇ ನೋಡುತ್ತೇನೆ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದ. ಸೋಮವಾರ ಈ ಗಾಡಿ ಓಡುವುದಿಲ್ಲ ಎಂದು ವಾಮದೇವಪ್ಪನವರು ಕಾರಣ ವಿವರಿಸಿದಾಗ ನಕ್ಕು, ನಮಗೂ ಸೋಮವಾರ ರಜೆ ಕೊಡಲು ಯಾರಿಗಾದರೂ ಹೇಳಿ ಸ್ವಾಮಿ ಅಂದನಂತೆ.

ಬಂದು ಜಗಲಿಯ ಮೇಲೆ ಕೂತ ವಾಮದೇವಪ್ಪನವರು ಬಹಳ ಹೊತ್ತು ಏನನ್ನೂ ತಟ್ಟಲಿಲ್ಲ. ಕಾರನ್ನು ತಳ್ಳಿಕೊಂಡೇ ಹೋಗಬಹುದು ಅಂದೆ. ಅಲ್ಲಿ ಓಡಿಸಿ ತೋರಿಸಲೇಬೇಕಲ್ಲ ಅಂದರು. ನೀವು ಓಡಿಸಬೇಡಿ, ಶಬ್ಬೀರ್ ಓಡಿಸಲಿ ಅಂದೆ. ಅವರು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದರು. ರಜೆ ಅವರದಲ್ಲ, ಕೆಂದನದು. ಎತ್ತನ್ನು ಯಾರು ಹೂಡಿದರೂ ಹೂಡಿದ ಹಾಗೇ. ಅಪ್ಪ ಒಮ್ಮೆಯಾದರೂ ಸೋಮವಾರ ಹೂಡಿದ್ದುಂಟೋ ಎಂದು ತಿಳಿಯಬೇಕು, ತಿಳಿದವನು ಮಾಯಕೊಂಡದ ಭರಮಣ್ಣ ಒಬ್ಬನೇ ಎಂದು ಶನಿವಾರ ಬೆಳಿಗ್ಗೆ ಹೊರಟರು. ನಿರ್ಮಲಮ್ಮನವರ ಒಲೆಯ ಮೇಲೆ ಬೇಳೆ ಇತ್ತಾದ್ದರಿಂದ ಎರಡನೆಯ ಸೀಟಿಗೆ ಮತ್ತೆ ನಾನೇ.

ಭರಮಣ್ಣ ಬಕ್ಕೇಶಪ್ಪನವರ ಮನೆಯಲ್ಲಿ ಜೀವನವಿಡೀ ಎತ್ತು ನೋಡಿಕೊಂಡವನು. ಎಪ್ಪತ್ತು ದಾಟಿದ್ದ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ಕಾರಿನ ಸದ್ದು ಕೇಳಿಯೇ ಎದ್ದು ಬಂದು ಅದರ ಮೂತಿ ಸವರಿದ. ವಾಮದೇವಪ್ಪನವರು ಕೇಳಿದ್ದಕ್ಕೆ, ಹೂಡಿದ್ದುಂಟು, ಒಂದೇ ಒಂದು ಸಲ ಅಂದ. ಆ ವರ್ಷ ಕಣದಲ್ಲಿ ಜೋಳದ ರಾಶಿ ಬಿದ್ದಿತ್ತು, ಸೋಮವಾರ, ಮೋಡ ತಲೆಯ ಮೇಲೆ ಇಳಿದಿತ್ತು. ಬಕ್ಕೇಶಪ್ಪನವರು ಎತ್ತು ಹೂಡಿಸಿದರು. ಆದರೆ ಭರಮಣ್ಣನನ್ನು ಇದೇ ಕಟ್ಟೆಯ ಮೇಲೆ ಕೂರಿಸಿ, ಏಳಕೂಡದು ಎಂದು ಹೇಳಿ, ತಾವೇ ಚೀಲ ಹೊತ್ತು ತಾವೇ ಗಾಡಿ ಹೊಡೆದರು. ಧಣಿ ಮೈ ಮುರಿಯುತ್ತಿದ್ದರೆ ಆಳು ಕೂತು ನೋಡಬೇಕಾಯಿತಲ್ಲ ಎಂದು ಇವನಿಗೆ ಅಳು ಬಂದಿತ್ತಂತೆ.

"ಅವತ್ತು ಎತ್ತಿನ ರಜ ನಾ ತಗಂಡೆ ನೋಡಪ್ಪ" ಅಂದ ಭರಮಣ್ಣ. "ಸೋಮಾರ ಮನ್ಯಾಗ ದುಡಿಯೋ ಜೀವದಾಗ ಒಂದಾರ ಸುಮ್ನ ಕುಂತಿರಬೇಕು. ಎತ್ತಾರ ಆಗ್ಲಿ, ಆಳಾರ ಆಗ್ಲಿ. ನೇಮ ಅಂದ್ರ ಅಷ್ಟ, ಅಂತಿದ್ರು ನಿಮ್ಮಪ್ಪ."

ವಾಮದೇವಪ್ಪನವರ ಮುಖ ಅರಳಿತು. ದಾರಿಯುದ್ದಕ್ಕೂ ಅವರು ಒಂದೇ ವಿಚಾರದಲ್ಲಿದ್ದರು: ಕೆಂದನ ರಜೆಯನ್ನು ಯಾರಿಗೆ ಕೊಡುವುದು? ಮನೆಗೆ ಬಂದು ಊಟಕ್ಕೆ ಕೂತಾಗ, ಜೊತೆಗೆ ಕೂತ ಶಬ್ಬೀರನಿಗೂ ನನಗೂ ಎಲ್ಲ ಹೇಳಿ ಲೆಕ್ಕ ಹಾಕತೊಡಗಿದರು. ತಮಗೆ ಆಗದು, ಕಾರು ಓಡಿಸಬೇಕು. ಶಬ್ಬೀರನಿಗೆ ಶುಕ್ರವಾರ ರಜೆ ಇದ್ದೇ ಇದೆ. ಅಂಗಡಿಯ ಹುಡುಗರಿಗೆ ಭಾನುವಾರ ಇದೆ. ಟೀಚರಿಗೆ ಎರಡು ತಿಂಗಳ ರಜೆ, ಅವರನ್ನು ಇನ್ನೂ ಕೂರಿಸುವುದೆಲ್ಲಿ? ಅಂಗಡಿಯ ಸಾಮಾನು ಎಳೆಯುವ ಗಾಡಿಯವನ ಕುದುರೆ ಆದೀತೇ ಎಂದು ಶಬ್ಬೀರನನ್ನು ಕೇಳಿದರು. ಅದು ನಮ್ಮ ಮನೆಯ ಜೀವ ಅಲ್ಲವಲ್ಲ ಎಂದು ತಾವೇ ತಳ್ಳಿಹಾಕಿದರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಅವರ ತಟ್ಟೆಗೆ ಬಿಸಿ ರೊಟ್ಟಿ ಹಾಕಲು ನಿರ್ಮಲಮ್ಮನವರು ಬೆನ್ನ ಹಿಂದೆಯೇ ನಿಂತಿದ್ದರು. ನನಗೆ ಬಾಯಿ ತುರಿಸುತ್ತಿತ್ತು. ಆದರೆ ಇದು ನಾನು ಹೇಳುವ ಮಾತಲ್ಲ ಅನ್ನಿಸಿ ತುಟಿ ಕಚ್ಚಿಕೊಂಡೆ. ಮನೆಯಲ್ಲಿ ದುಡಿಯುವ ಜೀವ ಇನ್ಯಾವುದಿದೆ ಎಂದು ಅವರು ತಲೆ ಕೆರೆದುಕೊಂಡಾಗ ನಿರ್ಮಲಮ್ಮನವರು ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟರು.

"ಎತ್ತಿಗೆ ಸೋಮಾರ ಐತೆ. ಕಾರಿಗೆ ಐತೆ. ಶಬ್ಬೀರಗೆ ಶುಕ್ರಾರ ಐತೆ" ಅಂದರು. "ನಾ ಈ ಮನಿಗೆ ಬಂದು ಇಪ್ಪತ್ತೆರಡು ವರ್ಷ ಆತು. ನಂದು ಯಾವ ವಾರರಿ?"

ಸಿಟ್ಟಿನಿಂದ ಕೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. ಶಬ್ಬೀರ್ ತಟ್ಟೆ ನೋಡಿದ. ನನಗೆ ನನ್ನ ಎರಡು ತಿಂಗಳ ರಜೆಯ ಬಗ್ಗೆ ನಾಚಿಕೆಯಾಯಿತು, ಮಹಡಿಯ ಮೇಲಿಂದ ಇಷ್ಟು ದಿನ ಎಲ್ಲವನ್ನೂ ನೋಡಿದವಳಿಗೆ ಈ ಪ್ರಶ್ನೆ ಹೊಳೆದದ್ದೇ ಅವತ್ತು. ವಾಮದೇವಪ್ಪನವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು, ಒಳಗಿನ ಸದ್ದು ಈಗಷ್ಟೇ ಕೇಳಿಸಿದವರ ಹಾಗೆ.  ಎದ್ದು ಕೈ ತೊಳೆದು ಹೊರಗೆ ಹೋದರು.

ಸೋಮವಾರ ಬೆಳಿಗ್ಗೆ ಕೆಳಗೆ ಪಾತ್ರೆ ಬಿದ್ದ ಸದ್ದಿಗೆ ನನಗೆ ಎಚ್ಚರವಾಯಿತು. ಇಳಿದು ನೋಡಿದರೆ ವಾಮದೇವಪ್ಪನವರು ಒಲೆಯ ಮುಂದೆ, ಉಪ್ಪಿಟ್ಟಿನ ಬಾಣಲೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತಿದ್ದರು. ಅಂಗಳ ಗುಡಿಸಿಯಾಗಿತ್ತು. ಅಯ್ಯನೋರಿಗೆ ನಿನ್ನೆಯೇ ಹೋಗಿ ಹೇಳಿ ಬಂದಿದ್ದರು, ಈ ವಾರ ಅವರಿಗೆ ಮಠದಲ್ಲೇ ಊಟ. ಅಂಗಡಿಯವರು ಬುತ್ತಿಯ ಬದಲು ಹೋಟೆಲಿಗೆ. ನಡುಮನೆಯ ಮಂಚದ ಮೇಲೆ ನಿರ್ಮಲಮ್ಮನವರು ಕೂತಿದ್ದರು, ರೈಲಿಗೆ ಕಾಯುವವರ ಹಾಗೆ ಕಾಲು ಜೋಡಿಸಿಕೊಂಡು. ಎರಡು ಸಲ ಎದ್ದರಂತೆ. ಎರಡು ಸಲವೂ ಗಂಡ ಬಂದು, ನೀ ಎದ್ರ ನಾ ಗಾಡಿ ತೆಗಿಯಂಗಿಲ್ಲ ಎಂದು ಕೂರಿಸಿದರಂತೆ.

ಆಮೇಲೆ ವಾಮದೇವಪ್ಪನವರು ಶೆಡ್ಡಿಗೆ ಹೋಗಿ ಕೆಂದನ ಮೂತಿಗೆ ವಿಭೂತಿ ಹಚ್ಚಿದರು. ಶಬ್ಬೀರ್ ಪಕ್ಕದಲ್ಲಿ ಕೂತ. ಸೋಮವಾರ ಆ ಸದ್ದು ಕೇಳಿ ಎದುರುಮನೆಯವರು ಬಾಗಿಲಿಗೆ ಬಂದರು.

ನಾನು ನಿರ್ಮಲಮ್ಮನವರ ಜೊತೆ ಕೂತೆ. ಉಪ್ಪಿಟ್ಟಿಗೆ ಉಪ್ಪು ಮರೆತಿದ್ದರು, ಇಬ್ಬರೂ ಹಾಗೆಯೇ ತಿಂದೆವು. ಪಾಸಾಗುತ್ತದೋ ಇಲ್ಲವೋ ಎಂದು ನಾನು ಚಡಪಡಿಸುತ್ತಿದ್ದರೆ ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಮಡಿಲಲ್ಲಿ ಇಟ್ಟುಕೊಂಡರು, ಪಕ್ಕಕ್ಕೆ ಇಟ್ಟರು, ಮತ್ತೆ ಮಡಿಲಿಗೆ ತಂದರು. ಸುಮ್ಮನೆ ಕೂರುವುದು ಹೇಗೆಂದು ಮರೆತೇ ಹೋಗಿದೆ, ತವರಿನಲ್ಲಿ ಹುಡುಗಿಯಾಗಿದ್ದಾಗ ಹೀಗೆ ಕೂತ ನೆನಪು ಎಂದು ಹೇಳಿ ನಕ್ಕರು. ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿದರು. ಇನ್ನು ಸ್ವಲ್ಪ ಹೊತ್ತಿಗೆ ಮಾತಿನ ಮಧ್ಯದಲ್ಲೇ ನಿದ್ದೆ ಹೋದರು. ನಾನು ತಲೆದಿಂಬು ಕೊಟ್ಟು ಮಲಗಿಸಿದ್ದೂ ಅವರಿಗೆ ಗೊತ್ತಾಗಲಿಲ್ಲ. ಹಗಲು ಹೊತ್ತಿನಲ್ಲಿ ಆ ಹೆಂಗಸು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ದೂರದಲ್ಲಿ ಗುಡುಗು ಕೇಳಿಸಿತು. ಆ ಸದ್ದಿಗೆ ಸತ್ತವರೂ ಎದ್ದಾರು. ನಾನು ಬರಿಗಾಲಲ್ಲೇ ಗೇಟಿನ ಹೊರಗೆ ಓಡಿ, ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡ ಕಾರಿಗೆ ಎರಡೂ ಕೈ ಅಡ್ಡ ಹಿಡಿದು, ಆಮೇಲೆ ಅಂಗೈಯನ್ನು ಕೆನ್ನೆಗೆ ಇಟ್ಟು ತೋರಿಸಿದೆ. ಕೆಂದ ಅಲ್ಲೇ ನಿಂತಿತು, ಸದ್ದು ಆರಿತು. ವಾಮದೇವಪ್ಪನವರು ಇಳಿದರು. ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗು ಹಿಡಿದುಕೊಂಡು ಭುಜ ಕೊಟ್ಟು ತಳ್ಳತೊಡಗಿದರು. ಶಬ್ಬೀರ್ ಹಿಂದಿನಿಂದ, ಅವನ ಪಕ್ಕದಲ್ಲಿ ನಾನು. ಸುಡುವ ಬಿಸಿಲು, ಭಾರದ ಗಾಡಿ, ಮೂವರೂ ಬೆವೆತು ನೀರಾದೆವು.  ಗೇಟಿನ ಹತ್ತಿರ ಬಂದಾಗ ಅವರು ಅಂಗಿಯ ಜೇಬಿನಿಂದ ಮಡಿಸಿದ ಕಾಗದದ ತುದಿಯನ್ನು ನನಗೆ ಎತ್ತಿ ತೋರಿಸಿ ತಲೆ ಆಡಿಸಿದರು. ಪಾಸಾಗಿತ್ತು, ಇನ್ನು ಐದು ವರ್ಷ ಯೋಚನೆಯಿಲ್ಲ.

ಕಾರನ್ನು ನೆರಳಿಗೆ ಸೇರಿಸಿ, ಚಪ್ಪಲಿ ಹೊರಗೇ ಬಿಟ್ಟು, ಅವರು ನಡುಮನೆಯ ಹೊಸ್ತಿಲಲ್ಲಿ ನಿಂತರು. ನಿರ್ಮಲಮ್ಮನವರು ಮಗ್ಗುಲಾಗಿ, ಒಂದು ಕೈ ಮಂಚದಿಂದ ಇಳಿಬಿಟ್ಟು, ಬಾಯಿ ಸ್ವಲ್ಪ ತೆರೆದು ಮಲಗಿದ್ದರು. ಎಬ್ಬಿಸಿ ಸುದ್ದಿ ಹೇಳಲೇ ಎಂದು ನಾನು ಪಿಸುಗುಟ್ಟಿದೆ. ಅವರು ಬೇಡವೆಂದು ಕೈ ಆಡಿಸಿದರು.

"ಮಲಗಲಿ ಬಿಡ್ರಿ" ಅಂದರು. "ಇನ್ನೂ ಸೋಮಾರ ಮುಗಿದಿಲ್ಲ."